ಸೋತ ತಂಡದ ಗುರು

ಕಾಲ್ಚೆಂಡಾಟ ನಮ್ಮ ಉಚ್ಚಂಗಿದುರ್ಗದ ಸೀಮೆಯ ಆಟವಲ್ಲ. ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಗಳ ಬಯಲಿನಲ್ಲಿ ಹುಡುಗರು ಸಂಜೆಯ ಹೊತ್ತು ಆಡುವುದು ಕಬಡ್ಡಿ, ವಾಲಿಬಾಲು. ಈಚೆಗೆ ಎಲ್ಲೆಲ್ಲೂ ಕ್ರಿಕೆಟ್ಟು. ಹೀಗಿದ್ದರೂ ಕಳೆದ ಹತ್ತು ಹನ್ನೆರಡು ವರ್ಷಗಳಿಂದ, ಹಬ್ಬ ಹುಣ್ಣಿಮೆಗಳಿಗೆ ಊರಿಗೆ ಬರುವ ತರುಣರ ಮಾತಿನಲ್ಲಿ ಕಾಲ್ಚೆಂಡು ಮೆಲ್ಲಗೆ ನುಸುಳಿದೆ. ಹೊಟ್ಟೆಪಾಡಿಗಾಗಿ ಬೆಂಗಳೂರು ಸೇರಿದ ಹುಡುಗರು ಇವರು. ಕೆಲಸ ಮುಗಿದ ಸಂಜೆ ಕಂಠೀರವ ಕ್ರೀಡಾಂಗಣದ ಪಶ್ಚಿಮದ ಮಗ್ಗುಲಲ್ಲಿ ನೀಲಿ ಅಂಗಿ ತೊಟ್ಟು, ತೊಂಬತ್ತು ನಿಮಿಷ ಕೂರದೆ ನಿಂತು, ಗಂಟಲು ಹರಿಯುವಂತೆ ಕೂಗುವುದನ್ನು ಕಲಿತಿದ್ದಾರೆ. ಬೆಂಗಳೂರು ಎಫ್.ಸಿ. ಎಂಬ ಕ್ಲಬ್ಬು ಇವರ ತಂಡ. ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬುದು ಆ ಮಗ್ಗುಲಿನ ಅಭಿಮಾನಿಗಳು ತಮಗೆ ತಾವೇ ಇಟ್ಟುಕೊಂಡ ಹೆಸರು.

ಇವರ ಮಾತನ್ನು ಕೇಳುತ್ತ ಬಂದ ನನಗೆ ಆಸಕ್ತಿ ಹುಟ್ಟಿದ್ದು ಆಟಕ್ಕಿಂತ ಹೆಚ್ಚಾಗಿ ಒಂದು ವಾದದಲ್ಲಿ. ತಂಡ ಎರಡು ಮೂರು ಪಂದ್ಯಗಳನ್ನು ಸಾಲಾಗಿ ಸೋತರೆ ಸಾಕು, ಆ ವಾದ ಹುಟ್ಟಿಕೊಳ್ಳುತ್ತದೆ: ತರಬೇತುದಾರನನ್ನು ಕಳಿಸಬೇಕೆ, ಉಳಿಸಿಕೊಳ್ಳಬೇಕೆ? ಆಡಿದವರು ಹನ್ನೊಂದು ಮಂದಿ. ಗೋಲು ತಪ್ಪಿಸಿದವನು ಒಬ್ಬ, ಗೋಲು ಬಿಟ್ಟವನು ಮತ್ತೊಬ್ಬ. ಆದರೆ ಹೋಗಬೇಕಾದವನು ಮಾತ್ರ ಗೆರೆಯ ಹೊರಗೆ ಕೈಕಟ್ಟಿ ನಿಂತವನು. ಇಂಗ್ಲೆಂಡಿನಲ್ಲಿ ಅವನಿಗೆ ಮ್ಯಾನೇಜರ್ ಎನ್ನುತ್ತಾರೆ, ನಮ್ಮಲ್ಲಿ ಕೋಚ್. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಅವನನ್ನು ಕುರಿತು, ಅವನ ಮೇಲೆ ನಡೆಯುವ ವಿಚಾರಣೆಯನ್ನು ಕುರಿತು.

ನಮ್ಮ ಕಡೆಯ ಕೇಳುಗರಿಗೆ ಈ ಕೋಚ್ ಎಂಬಾತ ಅಪರಿಚಿತನಲ್ಲ. ಊರಿನವರು ಬಯಲಾಟ ಕಲಿಯಬೇಕಾದಾಗ ಹೊರಗಿನಿಂದ ಒಬ್ಬ ಮೇಷ್ಟರನ್ನು ಕರೆಸುವುದುಂಟು. ಅವರಿಗೆ ಊಟ, ವಸತಿ, ಇಷ್ಟು ಸಂಭಾವನೆ ಎಂದು ಗೊತ್ತಾಗುತ್ತದೆ. ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಯುತ್ತದೆ. ಕೊನೆಗೆ ಆಟದ ರಾತ್ರಿ ದುರ್ಯೋಧನನ ಪಾತ್ರಧಾರಿ ಮಾತು ಮರೆತು ನಿಂತರೆ, ಬೆಳಗಾಗುವಷ್ಟರಲ್ಲಿ ಬೈಗುಳವೆಲ್ಲ ಮೇಷ್ಟರ ಪಾಲಿಗೆ. ಪಾತ್ರಧಾರಿ ಊರಿನ ಮನೆತನಸ್ಥರ ಮಗ, ವೇಷಭೂಷಣದ ಖರ್ಚು ಅವರದೇ, ಮೇಷ್ಟರಾದರೋ ಪರಸ್ಥಳದವರು. ಊರಿನವನನ್ನು ಊರು ಬಿಡಿಸುವುದಕ್ಕಿಂತ ಪರಸ್ಥಳದವರಿಗೆ ಬಸ್ಸಿನ ಹಾದಿ ತೋರಿಸುವುದು ಸುಲಭ. ಬೆಂಗಳೂರು ತಂಡದ ಕತೆಯೂ ಇದಕ್ಕಿಂತ ಬಹಳ ಬೇರೆಯಲ್ಲ. 2013ರಲ್ಲಿ ಕ್ಲಬ್ಬು ಹುಟ್ಟಿದಂದಿನಿಂದ 2025ರ ವಸಂತದವರೆಗೆ ಅದನ್ನು ಪೂರ್ಣ ಹೊಣೆಯಿಂದ ನಡೆಸಿದ ತರಬೇತುದಾರರೆಲ್ಲ ಕಡಲಾಚೆಯವರು. ಇಂಗ್ಲೆಂಡಿನವರು, ಸ್ಪೇನಿನವರು, ಜರ್ಮನಿಯವರು. ನಡುವೆ ಕೆಲವು ವಾರ ಹಂಗಾಮಿಯಾಗಿ ನಿಂತವರು ಮಾತ್ರ ನಮ್ಮವರು.

ಈ ಕ್ಲಬ್ಬಿನ ಅಭಿಮಾನಿಗಳನ್ನು ಅದರ ಮೊದಲ ವರ್ಷಗಳೇ ಕೆಡಿಸಿದುವು ಎಂದರೆ ಅವರು ಕೋಪಿಸಿಕೊಳ್ಳಲಾರರು ಎಂದುಕೊಂಡಿದ್ದೇನೆ. ಆಶ್ಲಿ ವೆಸ್ಟ್‌ವುಡ್ ಎಂಬ ಇಂಗ್ಲಿಷಿನವನ ಕೈಯಲ್ಲಿ ತಂಡ ತನ್ನ ಮೊಟ್ಟಮೊದಲ ಋತುವಿನಲ್ಲೇ, 2013–14ರಲ್ಲಿ, ಐ-ಲೀಗ್ ಗೆದ್ದಿತು. 2015ರಲ್ಲಿ ಫೆಡರೇಷನ್ ಕಪ್ಪು, 2016ರಲ್ಲಿ ಮತ್ತೆ ಐ-ಲೀಗ್. ಅನಂತರ ಬಂದ ಸ್ಪೇನಿನ ಆಲ್ಬರ್ಟ್ ರೋಕಾನ ಕಾಲದಲ್ಲಿ, 2016ರ ನವೆಂಬರಿನಲ್ಲಿ, ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ತಂಡ ಎನಿಸಿತು. ದೋಹಾದಲ್ಲಿ ಇರಾಕಿನ ವಾಯುಪಡೆಯ ಕ್ಲಬ್ಬಿಗೆ ಒಂದೇ ಗೋಲಿನಿಂದ ಸೋತಿತು. ರೋಕಾನ ಸಹಾಯಕನಾಗಿದ್ದ ಕಾರ್ಲೆಸ್ ಕ್ವಾದ್ರಾತ್ 2018ರಲ್ಲಿ ಪಟ್ಟಕ್ಕೆ ಬಂದು, ಮರುವರ್ಷದ ಮಾರ್ಚ್ 17ರಂದು ಮುಂಬಯಿಯಲ್ಲಿ ಗೋವಾ ತಂಡವನ್ನು ಹೆಚ್ಚುವರಿ ವೇಳೆಯಲ್ಲಿ ಸೋಲಿಸಿ ಇಂಡಿಯನ್ ಸೂಪರ್ ಲೀಗಿನ ಕಪ್ಪನ್ನು ಬೆಂಗಳೂರಿಗೆ ತಂದ. ರಾಹುಲ್ ಭೇಕೆಯ ತಲೆಯಿಂದ ಬಂದ ಆ ಗೋಲನ್ನು ನಮ್ಮ ಹುಡುಗರು ಈಗಲೂ ಕೈಯಾಡಿಸಿ ಬಣ್ಣಿಸುತ್ತಾರೆ. ಹುಟ್ಟಿದ ಮನೆಯಲ್ಲಿ ದಿನವೂ ಹೋಳಿಗೆ ಉಂಡ ಮಗುವಿಗೆ ಒಂದು ದಿನ ಮುದ್ದೆ ಬಡಿಸಿದರೆ ಹೇಗೆ?

ಆ ದಿನ 2021ರ ಜನವರಿಯಲ್ಲಿ ಬಂದಿತು. ಸೋಂಕಿನ ಕಾಲ, ಪಂದ್ಯಗಳೆಲ್ಲ ಗೋವೆಯಲ್ಲಿ, ಬರಿದಾದ ಮೆಟ್ಟಿಲುಗಳ ನಡುವೆ. ತಂಡ ಮೂರು ಪಂದ್ಯಗಳನ್ನು ಸಾಲಾಗಿ ಸೋತಿತು. ಹಾಗೆ ಅದು ಅಲ್ಲಿಯವರೆಗೆ ಎಂದೂ ಸೋತಿರಲಿಲ್ಲ. ಮೂರನೆಯ ಸೋಲಿನ ಮರುದಿನವೇ ಕ್ವಾದ್ರಾತನನ್ನು ಬೀಳ್ಕೊಟ್ಟರು. ಕಪ್ಪು ತಂದುಕೊಟ್ಟು ಎರಡು ವರ್ಷವೂ ತುಂಬಿರಲಿಲ್ಲ. ಹಾಗೆ ಕಳಿಸಿದ ಮೇಲಾದರೂ ತಂಡ ಮೇಲೆದ್ದಿತೆ? ಆ ಋತುವನ್ನು ಏಳನೆಯ ಸ್ಥಾನದಲ್ಲಿ ಮುಗಿಸಿತು. ಜರ್ಮನಿಯ ಮಾರ್ಕೊ ಪೆಜ್ಜಾಯುವೋಲಿ ಬಂದ ಮೇಲೆ ಮುಂದಿನ ಋತುವಿನಲ್ಲಿ ಆರನೆಯದಾಯಿತು.

ಆದರೆ ವಾದ ತನ್ನ ಪೂರ್ಣ ರೂಪವನ್ನು ತಾಳಿದ್ದು 2022ರ ಜೂನಿನಲ್ಲಿ ಬಂದ ಇಂಗ್ಲೆಂಡಿನ ಸೈಮನ್ ಗ್ರೇಸನ್ನನ ಕಾಲದಲ್ಲಿ. ಇವನ ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಇದು ಒಂದೇ ಮನುಷ್ಯನ ಮೇಲೆ ಎರಡು ಸಲ ನಡೆದ ಒಂದೇ ವಿಚಾರಣೆ, ಎರಡು ಸಲವೂ ಬೇರೆ ಬೇರೆ ತೀರ್ಪು.

ಬಂದ ಮೂರು ತಿಂಗಳಲ್ಲೇ ಗ್ರೇಸನ್ ಡ್ಯುರಾಂಡ್ ಕಪ್ಪನ್ನು ಗೆಲ್ಲಿಸಿದ. ಜಯಕಾರ ಅಡಗುವ ಮೊದಲೇ ಲೀಗಿನಲ್ಲಿ ತಂಡ ಕುಸಿಯಿತು. ಮೊದಲ ಹನ್ನೆರಡು ಪಂದ್ಯಗಳಲ್ಲಿ ಗೆಲುವು ಮೂರು, ಸಮ ಒಂದು, ಸೋಲು ಎಂಟು. ಅಂಕ ಕೇವಲ 10. 2022ರ ಡಿಸೆಂಬರು ಮುಗಿಯುವ ಹೊತ್ತಿಗೆ ಅವನನ್ನು ಕಳಿಸಬೇಕೆಂಬ ಕೂಗು ಎದ್ದಿತು. ಕ್ಲಬ್ಬು ಕದಲಲಿಲ್ಲ. ಹೊಸ ವರ್ಷ ಹುಟ್ಟಿದ್ದೇ ತಡ, ಅದೇ ಕೋಚ್, ಅದೇ ಆಟಗಾರರು, ಉಳಿದ ಎಂಟು ಪಂದ್ಯಗಳಲ್ಲಿ ಎಂಟನ್ನೂ ಗೆದ್ದರು. ಆ ಋತುವಿನಲ್ಲಿ ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಸೋಲದೆ ಮೆರೆಯುತ್ತಿದ್ದ ಮುಂಬಯಿ ತಂಡ ಕೂಡ ಬೆಂಗಳೂರಿನಲ್ಲಿ ಮುಗ್ಗರಿಸಿತು. 10 ಇದ್ದ ಅಂಕ 34 ಆಯಿತು, ತಂಡ ನಾಲ್ಕನೆಯ ಸ್ಥಾನಕ್ಕೆ ಏರಿ, ಕೊನೆಗೆ 2023ರ ಮಾರ್ಚ್ 18ರಂದು ಅಂತಿಮ ಪಂದ್ಯದಲ್ಲಿ ಕೋಲ್ಕತ್ತೆಯ ತಂಡದೆದುರು ಪೆನಾಲ್ಟಿ ಒದೆತಗಳಲ್ಲಿ ಮಾತ್ರ ಸೋತಿತು. ಉಳಿಸಿಕೊಳ್ಳಬೇಕು ಎಂದವರು ಎದೆಯುಬ್ಬಿಸಿ ನಡೆದರು.

ಅದೇ ವರ್ಷ ಮತ್ತೊಂದು ಡಿಸೆಂಬರು ಬಂದಿತು. ಹೊಸ ಋತುವಿನ ಒಂಬತ್ತು ಪಂದ್ಯಗಳಲ್ಲಿ ತಂಡ ಗೆದ್ದಿದ್ದು ಒಂದೇ. ಡಿಸೆಂಬರ್ 8ರ ರಾತ್ರಿ ಕಂಠೀರವದಲ್ಲಿ, ತನ್ನ ಜನರ ಕಣ್ಣೆದುರಿಗೇ, ಮುಂಬಯಿಗೆ ನಾಲ್ಕು ಗೋಲುಗಳಿಂದ ಸೋತಿತು, ಒಂದನ್ನೂ ಹಿಂತಿರುಗಿಸಲಿಲ್ಲ. ಮರುದಿನ ಗ್ರೇಸನ್ ಹುದ್ದೆಯಲ್ಲಿರಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ವಾದಿಗಳು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಎರಡು ಡಿಸೆಂಬರುಗಳ ನಡುವೆ ಕೋಚ್ ಬದಲಾಗಿರಲಿಲ್ಲ ನಿಜ, ತಂಡ ಬದಲಾಗಿತ್ತು. ರಾಯ್ ಕೃಷ್ಣ ಒಡಿಶಾಕ್ಕೆ ಹೋಗಿದ್ದ. ಸಂದೇಶ್ ಝಿಂಗನ್, ಉದಾಂತ ಸಿಂಗ್ ಗೋವಾಕ್ಕೆ ಹೋಗಿದ್ದರು. ಬೆನ್ನೆಲುಬಿನ ಎಲುಬುಗಳು ಒಂದೊಂದಾಗಿ ಕಳಚಿದ ಮೇಲೆ ನೆಟ್ಟಗೆ ನಿಲ್ಲು ಎಂದರೆ ನಿಲ್ಲುವುದೆಂತು? ಆಟಗಾರರನ್ನು ಕೊಳ್ಳುವವರು, ಬಿಡುವವರು, ಅದಕ್ಕೆ ಹಣ ಹೊಂದಿಸುವವರು ಮೈದಾನದ ಬಳಿ ನಿಂತಿರುವುದಿಲ್ಲ. ಅವರನ್ನು ಗುರುತಿಸಿ ಕೂಗಲು ಬರುವುದಿಲ್ಲ. ಕೋಚ್ ಕಾಣಿಸುತ್ತಾನೆ, ಕಾಣಿಸುವುದೇ ಅವನ ಅಪರಾಧದ ಅರ್ಧ ಪಾಲು.

2024ರ ಭರತ ಹುಣ್ಣಿಮೆಗೆ ನಮ್ಮ ದುರ್ಗದ ಬೆಟ್ಟಕ್ಕೆ ಜನ ಸಾಗರವಾಗಿ ಬಂದಿತ್ತು. ಉಚ್ಚೆಂಗೆಮ್ಮನ ದರ್ಶನ ಮಾಡಿಕೊಂಡು ಇಳಿದ ನನ್ನ ತಮ್ಮನ ಮಗ ಮತ್ತು ಅವನ ಗೆಳೆಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಮಂಡಕ್ಕಿ ತಿನ್ನುತ್ತಿದ್ದರು. ಗ್ರೇಸನ್ ಹೋಗಿ ಎರಡು ತಿಂಗಳಾಗಿತ್ತು. ಸ್ಪೇನಿನ ಹೆರಾರ್ದ್ ಸರಗೋಸಾ ಬಂದಿದ್ದ. ತಂಡ ಪಟ್ಟಿಯ ಕೆಳಗೇ ಇತ್ತು.

“ನೋಡ್ರಿ ದೊಡ್ಡಪ್ಪ, ಕಳಿಸಿದ್ರು. ಏನಾತು?” ಎಂದ ನಮ್ಮ ಹುಡುಗ. “ಹೋದ ವರ್ಷ ತಡಕೊಂಡಿದ್ರು, ಎಂಟಕ್ಕೆ ಎಂಟೂ ಗೆದ್ವಿ. ಈ ಸಲ ತಡಕೊಳ್ಳಾಕ ಏನಾಗಿತ್ತು?”

ಗೆಳೆಯ ಸುಮ್ಮನಿರುವವನಲ್ಲ. “ಸಾರ್, ಇವ ಹೇಳೋದು ಹೆಂಗೈತಿ ಅಂದ್ರ, ಒಂದ್ಸಲ ಮಳಿ ತಡವಾಗಿ ಬಂತು ಅಂತ ಪ್ರತಿ ವರ್ಷ ಬಿತ್ತದಂಗ ಕುಂತಂಗ. ನಾವು ರೊಕ್ಕ ಕೊಟ್ಟು ಹೋಗ್ತೀವಿ. ನಾಲ್ಕು ಗೋಲು ಸಾರ್, ನಮ್ಮ ಮನಿಯಾಗ! ಯಾರಾರ ಉತ್ತರ ಕೊಡ್ಬೇಕೋ ಬ್ಯಾಡೋ?”

‘ಯಾರಾರ ಉತ್ತರ ಕೊಡ್ಬೇಕೋ ಬ್ಯಾಡೋ’ ಎಂಬ ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಇವರ ಜಗಳದಲ್ಲಿ ಮೇಲೆ ಕಾಣುವುದು ಕಾರ್ಯಕಾರಣದ ಪ್ರಶ್ನೆ: ಕೋಚ್ ಹೋದರೆ ತಂಡ ಗೆಲ್ಲುತ್ತದೆಯೆ? ಒಳಗಿರುವುದು ಬೇರೆ ಪ್ರಶ್ನೆ, ಉತ್ತರದಾಯಿತ್ವದ್ದು. ಎರಡನ್ನೂ ಬೆರೆಸಿ ಮಾತನಾಡುವುದರಿಂದಲೇ ವಾದ ಬಗೆಹರಿಯುವುದಿಲ್ಲ.

ಮೊದಲನೆಯದಕ್ಕೆ ಲೆಕ್ಕ ಹಾಕಿದವರಿದ್ದಾರೆ. ಬಾಸ್ ಟರ್ ವೇಲ್ ಎಂಬ ಡಚ್ ಅರ್ಥಶಾಸ್ತ್ರಜ್ಞರು ತಮ್ಮ ದೇಶದ ಲೀಗಿನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ಪರಿಶೀಲಿಸಿದರು. ಸೋಲುತ್ತಿದ್ದ ತಂಡಗಳು ಕೋಚನ್ನು ಬದಲಿಸಿದ ಮೇಲೆ ಚೇತರಿಸಿಕೊಂಡದ್ದು ನಿಜ. ಆದರೆ ಅಷ್ಟೇ ಕೆಟ್ಟದಾಗಿ ಸೋಲುತ್ತಿದ್ದು, ಕೋಚನ್ನು ಬದಲಿಸದೆ ಇದ್ದ ತಂಡಗಳೂ ಹಾಗೆಯೇ ಚೇತರಿಸಿಕೊಂಡಿದ್ದವು. ತಂಡವೊಂದು ತನ್ನ ನಿಜವಾದ ಯೋಗ್ಯತೆಗಿಂತ ಕೆಳಗೆ ಬಿದ್ದಾಗ ಕೂಗು ಏಳುತ್ತದೆ. ಆಮೇಲೆ ಅದು ತನ್ನ ಮಟ್ಟಕ್ಕೆ ತಾನೇ ಮರಳುತ್ತದೆ. ಮರಳುವ ಹೊತ್ತಿಗೆ ಹೊಸಬನೊಬ್ಬ ಕುರ್ಚಿಯಲ್ಲಿದ್ದರೆ ಕೀರ್ತಿ ಅವನದು.

ಅಧ್ಯಾಪಕನಾಗಿ ನನಗೆ ಇದನ್ನು ನಂಬಲು ಕಷ್ಟವಾಗಲಿಲ್ಲ. ನಾನು ಕೆಲಸ ಮಾಡಿದ ಕಾಲೇಜೊಂದರಲ್ಲಿ ಒಂದು ವರ್ಷ ಕನ್ನಡದ ಫಲಿತಾಂಶ ತಗ್ಗಿತು. ಆಡಳಿತದವರು ಸಭೆ ಸೇರಿ ಆ ತರಗತಿಯನ್ನು ನನ್ನ ಸಹೋದ್ಯೋಗಿಯೊಬ್ಬರಿಂದ ಕಿತ್ತು ಬೇರೊಬ್ಬರಿಗೆ ಕೊಟ್ಟರು. ಮರುವರ್ಷ ಫಲಿತಾಂಶ ಎಂದಿನಷ್ಟೇ ಆಯಿತು. ಸಭೆಯಲ್ಲಿ ಹೊಸಬರಿಗೆ ಹಾರ ಬಿದ್ದಿತು. ಕಿತ್ತುಕೊಂಡದ್ದು ಎಂಥವರಿಂದ ಎಂದರೆ, ಹಳಗನ್ನಡದ ಒಂದು ಕಂದಪದ್ಯವನ್ನು ಅವರು ಓದುವುದನ್ನು ಕೇಳಲು ವಿಜ್ಞಾನದ ಹುಡುಗರು ಬಾಗಿಲ ಬಳಿ ನಿಲ್ಲುತ್ತಿದ್ದರು. ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಹಾಗೆಂದು ಉಳಿಸಿಕೊಳ್ಳಬೇಕೆನ್ನುವವರ ಪಕ್ಷವನ್ನು ನಾನು ಕಣ್ಣುಮುಚ್ಚಿ ಹಿಡಿಯಲಾರೆ. ಅವರ ಬತ್ತಳಿಕೆಯಲ್ಲಿ ಸದಾ ಒಂದು ಬಾಣವಿರುತ್ತದೆ. ಅದರ ಹೆಸರು ಅಲೆಕ್ಸ್ ಫರ್ಗ್ಯುಸನ್. 1986ರ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡಕ್ಕೆ ಬಂದ ಈ ಸ್ಕಾಟ್‌ಲೆಂಡಿನವನು ಮೂರು ವರ್ಷವಾದರೂ ಒಂದು ಕಪ್ಪನ್ನೂ ತರಲಿಲ್ಲ. 1989ರ ಡಿಸೆಂಬರಿನಲ್ಲಿ ಅಭಿಮಾನಿಯೊಬ್ಬ ಅವನನ್ನು ಮನೆಗೆ ಹೋಗೆಂದು ಬಟ್ಟೆಯ ಮೇಲೆ ಬರೆದು ಕ್ರೀಡಾಂಗಣದಲ್ಲಿ ಎತ್ತಿ ಹಿಡಿದ. ಮುಂದಿನ ತಿಂಗಳು ನಾಟಿಂಗ್‌ಹ್ಯಾಮಿನಲ್ಲಿ ಮಾರ್ಕ್ ರಾಬಿನ್ಸ್ ಎಂಬ ಹುಡುಗ ಹೊಡೆದ ಒಂದು ಗೋಲು ಎಫ್.ಎ. ಕಪ್ಪಿನ ಪಂದ್ಯವನ್ನು ಗೆಲ್ಲಿಸಿತು. ಆ ವರ್ಷ ಕಪ್ಪೂ ಬಂದಿತು. ಫರ್ಗ್ಯುಸನ್ 2013ರವರೆಗೆ ಉಳಿದು ಹದಿಮೂರು ಸಲ ಲೀಗ್ ಗೆದ್ದ. ಕತೆ ಸೊಗಸಾಗಿದೆ. ಆದರೆ ತಾಳಿ ಬಾಳಿದ ಒಬ್ಬನನ್ನು ಎಣಿಸುವವರು, ತಾಳಿ ಕೆಳದರ್ಜೆಗೆ ಇಳಿದ ತಂಡಗಳನ್ನು ಎಣಿಸುವುದಿಲ್ಲ. ತಾಳ್ಮೆಗೆ ಸೋತವರು ಗಾದೆಯಾಗುವುದಿಲ್ಲ.

ಕನ್ನಡದ ಮೇಷ್ಟರ ಬುದ್ಧಿ ಭಾರತದ ಕಡೆಗೆ ಹೋಗದೆ ಇರುವುದಿಲ್ಲ, ಕೇಳುಗರು ಸಹಿಸಬೇಕು. ವ್ಯಾಸಭಾರತದ ಯುದ್ಧದಲ್ಲಿ ಪಾಂಡವರ ಕಡೆ ಹದಿನೆಂಟು ದಿನವೂ ಒಬ್ಬನೇ ಸೇನಾಪತಿ, ಧೃಷ್ಟದ್ಯುಮ್ನ. ಕೌರವರ ಕಡೆ ಭೀಷ್ಮ ಹತ್ತು ದಿನ, ದ್ರೋಣ ಐದು, ಕರ್ಣ ಎರಡು, ಶಲ್ಯ ಅರ್ಧ ದಿನ. ಸೇನೆಯೇ ಇಲ್ಲದಾದ ಮೇಲೆ ಅಶ್ವತ್ಥಾಮನಿಗೆ ಪಟ್ಟ. ಅವರನ್ನು ಯಾರೂ ತೆಗೆದುಹಾಕಲಿಲ್ಲ, ಅವರು ಬಿದ್ದರು ಎಂದು ನೀವು ಹೇಳಬಹುದು, ಒಪ್ಪಿದೆ. ನಾನು ನೋಡುವುದು ಬೇರೊಂದನ್ನು. ಭೀಷ್ಮನಿಗೆ ಪಟ್ಟ ಕಟ್ಟುವಾಗಲೇ ಆ ಪಾಳೆಯ ಒಡೆದಿತ್ತು. ಇವನು ಬೀಳುವವರೆಗೆ ನಾನು ಆಯುಧ ಹಿಡಿಯೆನೆಂದು ಕರ್ಣ ಹೊರಗೆ ಕುಳಿತ. ಪಂಪನ ಕರ್ಣನಂತೂ ಆ ಮುದುಕನನ್ನು ಸಭೆಯಲ್ಲೇ ಹಳಿಯುತ್ತಾನೆ. ತಂಡದ ಅತಿ ಸಮರ್ಥ ಆಟಗಾರ ಕೋಚಿನ ಕೈಕೆಳಗೆ ಆಡಲು ಒಲ್ಲೆನೆಂದು ಹತ್ತು ದಿನ ಹೊರಗುಳಿದರೆ, ಆ ಕೋಚ್ ಭೀಷ್ಮನಾದರೇನು?

ಕೋಚನ್ನು ಕಳಿಸಲು ಒಂದೇ ಒಂದು ನ್ಯಾಯವಾದ ಕಾರಣವಿದೆಯೆಂದು ನನಗೆ ತೋರುವುದು ಇಲ್ಲಿ. ಆಟಗಾರರು ಅವನಿಂದ ಕಲಿಯುವುದನ್ನು ನಿಲ್ಲಿಸಿದ್ದಾರೆಯೆ? ಅವನ ಮಾತು ಅವರ ಕಾಲಿಗೆ ಇಳಿಯುತ್ತಿಲ್ಲವೆ? ಹಾಗಾದರೆ ಗೆಲ್ಲುತ್ತಿದ್ದರೂ ಅವನು ಹೋಗಬಹುದು. ಹಾಗಲ್ಲವಾದರೆ ನಾಲ್ಕು ಗೋಲಿನ ಸೋಲೂ ಕಾರಣವಾಗದು. ಈ ಗುರುತನ್ನು ಟಿಕೇಟು ಕೊಂಡು ನಿಂತವನು ದೂರದಿಂದ ಕಾಣುವುದು ಕಷ್ಟ. ಅಭ್ಯಾಸದ ಮೈದಾನದಲ್ಲಿ ಬೆಳಿಗ್ಗೆ ಕಾಣುವ ಸಂಗತಿಯದು. ಅದನ್ನು ನೋಡಬೇಕಾದವರು ಕ್ಲಬ್ಬಿನ ಒಡೆಯರು. 2023ರ ಡಿಸೆಂಬರಿನಲ್ಲಿ ಅವರು ಅದನ್ನು ನೋಡಿ ತೀರ್ಮಾನಿಸಿದರೋ, ಹಿಂದಿನ ರಾತ್ರಿಯ ಕೂಗನ್ನು ಕೇಳಿ ತೀರ್ಮಾನಿಸಿದರೋ? ಇಪ್ಪತ್ತನಾಲ್ಕು ಗಂಟೆಯೊಳಗೆ ಬಂದ ತೀರ್ಪು ನನಗೆ ಎರಡನೆಯದರ ಅನುಮಾನ ಹುಟ್ಟಿಸುತ್ತದೆ. ಋತು ಮುಗಿಯುವವರೆಗೆ ಗ್ರೇಸನ್ನನನ್ನು ಉಳಿಸಬೇಕಿತ್ತೆಂಬುದು ನನ್ನ ಮತ. ನಮ್ಮ ಕಟ್ಟೆಯ ಅರ್ಧ ಜನ ಇದನ್ನು ಒಪ್ಪುವುದಿಲ್ಲ.

ಆದರೂ ಆ ಗೆಳೆಯನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಕ್ಲಬ್ಬು ಜೆ.ಎಸ್.ಡಬ್ಲ್ಯು. ಸಂಸ್ಥೆಯ ಸೊತ್ತು. ಅದೇ ಸಂಸ್ಥೆಯ ಉಕ್ಕಿನ ಕಾರ್ಖಾನೆ ನಮ್ಮ ಪಕ್ಕದ ತೋರಣಗಲ್ಲಿನಲ್ಲಿದೆ; ನಮ್ಮ ಸೀಮೆಯವರಿಗೆ ಆ ಹೆಸರು ಹೊಸತಲ್ಲ. ಜರ್ಮನಿಯಲ್ಲಿ ಸಾಮಾನ್ಯವಾಗಿ ಕ್ಲಬ್ಬಿನ ಮತಾಧಿಕಾರದ ಅರ್ಧಕ್ಕಿಂತ ಹೆಚ್ಚು ಭಾಗ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವುಂಟು. ನಮ್ಮಲ್ಲಿ ಅಭಿಮಾನಿಗೆ ಮತವಿಲ್ಲ, ಪಾಲಿಲ್ಲ. ಅವನಿಗಿರುವುದು ಗಂಟಲು ಮಾತ್ರ. ಮಾಲಿಕನನ್ನು ಬದಲಿಸಲಾರ, ತಂಡವನ್ನು ಬದಲಿಸಲೊಲ್ಲ; ಇನ್ನು ಉಳಿದವನು ಕೋಚ್. ‘ಕೋಚನ್ನು ಕಳಿಸಿ’ ಎಂಬ ಕೂಗಿನಲ್ಲಿ ‘ನಾವೂ ಇದರ ಒಡೆಯರೇ’ ಎಂಬ ದಾವೆ ಅಡಗಿದೆ. ಆ ದಾವೆಯನ್ನು ನಾನು ಹಗುರವಾಗಿ ಕಾಣಲಾರೆ. ಇಡೀ ದಿನ ಯಾರದೋ ಲೆಕ್ಕ ಬರೆದು, ಯಾರದೋ ಸರಕು ಹೊತ್ತು ದಣಿದ ಹುಡುಗ, ಸಂಜೆ ‘ನಮ್ಮ ತಂಡ’ ಎನ್ನುವಾಗ ಆ ನಗರದಲ್ಲಿ ತನ್ನದೆನ್ನಲು ಅವನಿಗೆ ಇರುವುದು ಅದೊಂದೇ ಆಗಿರಬಹುದು. ಬೇಸರದ ಸಂಗತಿಯೆಂದರೆ, ಆ ದಾವೆಯ ದಂಡವನ್ನು ತೆರುವವನು ಸಂಬಳಕ್ಕೆ ಬಂದ ಮತ್ತೊಬ್ಬ ಪರಸ್ಥಳದವನು.

ಸೋತವನನ್ನು ಏನು ಮಾಡಬೇಕೆಂಬ ಪ್ರಶ್ನೆ ನಮ್ಮ ದುರ್ಗಕ್ಕೆ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಉಚ್ಚಂಗಿಯ ಪಾಂಡ್ಯರಿಂದ ಈ ಕೋಟೆಯನ್ನು ಗೆದ್ದು ಗಿರಿದುರ್ಗಮಲ್ಲನೆನಿಸಿದ. ಶರಣಾಗತನಾಗಿ ಬಂದ ಪಾಂಡ್ಯ ಕಾಮದೇವನನ್ನು ಅವನು ಮತ್ತೆ ಅವನ ಪದವಿಯಲ್ಲೇ ನಿಲ್ಲಿಸಿದನೆಂದು ಶಾಸನಗಳ ಆಧಾರದಿಂದ ಬಿ. ಎಲ್. ರೈಸ್ ಬರೆದಿದ್ದಾರೆ. ಅದನ್ನು ಕರುಣೆಯೆಂದು ಓದುವವರುಂಟು. ನನಗೆ ಅದರಲ್ಲಿ ಲೆಕ್ಕಾಚಾರವೇ ಹೆಚ್ಚು ಕಾಣುತ್ತದೆ: ಈ ಬೆಟ್ಟದ ನೀರು, ದಾರಿ, ಜನ ಎಲ್ಲವನ್ನೂ ಬಲ್ಲವನನ್ನು ಅಟ್ಟಿ, ಏನೂ ಅರಿಯದ ಹೊಸಬನನ್ನು ತಂದು ಕೂರಿಸುವುದರಲ್ಲಿ ಲಾಭವೇನು?

ಗ್ರೇಸನ್ನನ ತರುವಾಯದ ಕತೆ ಎರಡು ಪಕ್ಷಕ್ಕೂ ಸ್ವಲ್ಪ ಸ್ವಲ್ಪ ದಕ್ಕುವಂಥದು. ಸರಗೋಸಾನ ಕೈಯಲ್ಲಿ ತಂಡ ಆ ಋತುವನ್ನು ಹನ್ನೆರಡರಲ್ಲಿ ಹತ್ತನೆಯದಾಗಿ ಮುಗಿಸಿತು. ಅವನನ್ನು ಮಾತ್ರ ಕಳಿಸಲಿಲ್ಲ. ಮುಂದಿನ ಋತುವಿನಲ್ಲಿ ಅದೇ ಮನುಷ್ಯನ ತಂಡ ಮೂರನೆಯ ಸ್ಥಾನಕ್ಕೆ ಬಂದು, ಮುಂಬಯಿಯನ್ನು ಐದು ಗೋಲುಗಳಿಂದ ಬಗ್ಗುಬಡಿದು, 2025ರ ಏಪ್ರಿಲ್ 12ರಂದು ಕೋಲ್ಕತ್ತೆಯಲ್ಲಿ ಅಂತಿಮ ಪಂದ್ಯವನ್ನು ಆಡಿತು. ಮೋಹನ್ ಬಾಗಾನಿಗೆ ಹೆಚ್ಚುವರಿ ವೇಳೆಯಲ್ಲಿ ಒಂದು ಗೋಲಿನ ಅಂತರದಿಂದ ಸೋತಿತು. ಕಳಿಸಿದ್ದು ಸರಿಯಾಯಿತು ಎಂದ ಗೆಳೆಯ. ಉಳಿಸಿಕೊಂಡದ್ದು ಸರಿಯಾಯಿತು ಎಂದ ನಮ್ಮ ಹುಡುಗ. ಇಬ್ಬರೂ ತೋರಿಸಿದ್ದು ಅದೇ ಅಂಕಪಟ್ಟಿಯನ್ನು.

ಇನ್ನು, ಮೂರು ಸೋಲಿಗೆ ಕೆಲಸ ಕಳೆದುಕೊಂಡ ಆ ಕ್ವಾದ್ರಾತ್. ಅವನು ಆಮೇಲೆ ಕೋಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡಕ್ಕೆ ಕೋಚಾಗಿ ಬಂದು, 2024ರ ಜನವರಿಯಲ್ಲಿ ಆ ತಂಡಕ್ಕೆ ಸೂಪರ್ ಕಪ್ಪನ್ನು ಗೆದ್ದುಕೊಟ್ಟ. ಅದೇ ವರ್ಷದ ಸೆಪ್ಟೆಂಬರ್ 14ರಂದು, ಹೊಸ ಋತುವಿನ ಮೊದಲ ಪಂದ್ಯಕ್ಕೆ ಎದುರಾಳಿಯಾಗಿ ಕಂಠೀರವಕ್ಕೆ ಬಂದ. ಬೆಂಗಳೂರಿನ ಯುವಕ ವಿನೀತ್ ವೆಂಕಟೇಶ್ ಹೊಡೆದ ಒಂದೇ ಗೋಲಿನಿಂದ ಅವನ ತಂಡ ಸೋತಿತು. ಮುಂದಿನ ಎರಡು ಪಂದ್ಯಗಳನ್ನೂ ಸೋತಿತು. ಅಲ್ಲಿಗೆ ಮೂರು. ಆ ತಿಂಗಳ 30ರಂದು ಕ್ವಾದ್ರಾತ್ ರಾಜೀನಾಮೆ ಕೊಟ್ಟ.